ನಾಲಿಗೆ ಬಿಟ್ಟು ಹೊರಟ ಪದ

ದಕ್ಷಿಣ ಅಮೆರಿಕ ಖಂಡದ ತುತ್ತತುದಿಯಲ್ಲಿ ಟಿಯೆರಾ ಡೆಲ್ ಫ್ಯೂಗೋ ಎಂಬ ದ್ವೀಪಗಳ ಗುಂಪಿದೆ. ಬೀಗಲ್ ಹಡಗಿನಲ್ಲಿ ಅಲ್ಲಿಗೆ ಹೋಗಿದ್ದ ಯುವಕ ಚಾರ್ಲ್ಸ್ ಡಾರ್ವಿನ್ ಒಮ್ಮೆ ಬಿಡಾರದಲ್ಲಿ ಕೂತು, ಕೆಡದಂತೆ ಕಾಪಿಟ್ಟ ತಣ್ಣನೆಯ ಮಾಂಸ ತಿನ್ನುತ್ತಿದ್ದರು. ಅಲ್ಲಿನ ಮೂಲನಿವಾಸಿಯೊಬ್ಬರು ಬೆರಳು ಚಾಚಿ ಆ ಮಾಂಸವನ್ನು ಮುಟ್ಟಿ ನೋಡಿದರು. ಮೆತ್ತಮೆತ್ತಗಿತ್ತು. ಅವರಿಗೆ ಅಸಹ್ಯವಾದದ್ದು ಎದ್ದು ಕಂಡಿತು. ಇತ್ತ ಡಾರ್ವಿನ್ನರಿಗೂ ಅಸಹ್ಯವಾಯಿತು. ಬಟ್ಟೆ ತೊಡದ ‘ಅನಾಗರಿಕ’ನೊಬ್ಬ ತಮ್ಮ ಊಟವನ್ನು ಮುಟ್ಟಿದ್ದೇ ಅದಕ್ಕೆ ಕಾರಣ. ಆ ಕೈ ಕೊಳೆಯಾಗಿಯೇನೂ ಕಾಣಲಿಲ್ಲ ಎಂಬುದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ.

ಈ ಪ್ರಸಂಗ ಬರುವುದು 1872ರಲ್ಲಿ ಅವರು ಪ್ರಕಟಿಸಿದ, ಮನುಷ್ಯರಲ್ಲೂ ಪ್ರಾಣಿಗಳಲ್ಲೂ ಭಾವಗಳು ಹೇಗೆ ಹೊರಗೆ ಕಾಣುತ್ತವೆ ಎಂಬುದನ್ನು ಕುರಿತ ಪುಸ್ತಕದಲ್ಲಿ. ಇಬ್ಬರ ಅನುಭವಕ್ಕೂ ಡಾರ್ವಿನ್ ಬಳಸಿದ್ದು ಒಂದೇ ಪದ: ‘ಡಿಸ್‌ಗಸ್ಟ್’. ಒಬ್ಬರ ಅಸಹ್ಯ ಬೆರಳ ತುದಿಯ ಸ್ಪರ್ಶದಿಂದ ಬಂದದ್ದು. ಇನ್ನೊಬ್ಬರದು ಮುಟ್ಟಿದವರು ಯಾರು ಎಂಬ ತಿಳಿವಳಿಕೆಯಿಂದ ಬಂದದ್ದು. ಮಾಂಸ ಹಿಂದೆ ಹೇಗಿತ್ತೋ ಮುಟ್ಟಿದ ಮೇಲೂ ಹಾಗೆಯೇ ಇತ್ತು. ಇವೆರಡೂ ಒಂದೇ ಭಾವವೇ, ಅಥವಾ ಒಂದೇ ಹೆಸರು ಹೊತ್ತ ಎರಡು ಭಾವಗಳೇ? ಮನೋವಿಜ್ಞಾನ ಈ ಪ್ರಶ್ನೆಯನ್ನು ಇಂದಿಗೂ ಬಿಟ್ಟಿಲ್ಲ. ಅದರ ಜಾಡು ಹಿಡಿಯಬೇಕಾದರೆ ಪ್ರಯೋಗಾಲಯಕ್ಕೆ ಹೋಗುವ ಮೊದಲು ಆ ಪದದ ಜಾತಕವನ್ನು ಓದಬೇಕು. ವಿಜ್ಞಾನಿಗಳು ಈ ಭಾವವನ್ನು ಅಳೆಯಲು ಹೊರಟಾಗ ಕೈಗೆತ್ತಿಕೊಂಡದ್ದು ಮೂರು ಶತಮಾನಗಳಿಂದ ಅರ್ಥ ಬದಲಿಸುತ್ತ ಬಂದಿದ್ದ ಒಂದು ಇಂಗ್ಲಿಷ್ ಪದವನ್ನು.

ಲ್ಯಾಟಿನ್ನಿನಲ್ಲಿ ‘ಗುಸ್ತುಸ್’ ಎಂದರೆ ರುಚಿ. ಸಂಸ್ಕೃತದಲ್ಲಿ ಸವಿ, ಮೆಚ್ಚು ಎಂಬರ್ಥದ ‘ಜುಷ್’ ಧಾತುವೂ ಇಂಗ್ಲಿಷಿನ ‘ಚೂಸ್’ ಕೂಡ ಅದರ ದಾಯಾದಿಗಳೇ. ಈ ಗುಸ್ತುಸ್‌ಗೆ ನಿಷೇಧದ ಉಪಸರ್ಗ ಸೇರಿ ಇಟಾಲಿಯನ್ನಿನಲ್ಲಿ ‘ದಿಸ್‌ಗುಸ್ತೊ’, ಫ್ರೆಂಚಿನಲ್ಲಿ ‘ದೆಗೂ’ ಆಯಿತು. ಇಂಗ್ಲಿಷಿಗೆ ಅದು ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. ಆಗ ಅದೊಂದು ಹೊಸ, ಸಪ್ಪೆ ಪದ. ನಾಲಿಗೆಗೆ ಹಿಡಿಸಲಿಲ್ಲ, ಬಾಯಿ ಕೆಟ್ಟಿತು, ಊಟ ಸೇರಲಿಲ್ಲ ಎಂಬಷ್ಟೇ ಅದರ ಬಲ. ಅದೇ ಕಾಲಕ್ಕೆ ಇಂಗ್ಲಿಷರು ತಮ್ಮಲ್ಲಿದ್ದ ‘ಟೇಸ್ಟ್’ಗೆ ಅದೇ ಉಪಸರ್ಗ ಅಂಟಿಸಿ ‘ಡಿಸ್‌ಟೇಸ್ಟ್’ ಎಂಬ ಪದವನ್ನೂ ಮಾಡಿಕೊಂಡರು. ಎರಡರ ಅಕ್ಷರಾರ್ಥವೂ ಒಂದೇ, ಆಗಿನ ಬಳಕೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ನಡೆಯುತ್ತಿತ್ತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಡಿಸ್‌ಟೇಸ್ಟ್ ಇದೆ, ಡಿಸ್‌ಗಸ್ಟ್ ಇಲ್ಲ. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಅದು ಸಿಗುವುದಿಲ್ಲ.

ಹಾಗೆಂದ ಮಾತ್ರಕ್ಕೆ ಅಲ್ಲಿಯವರೆಗೆ ಇಂಗ್ಲಿಷರಿಗೆ ಹೇಸಿಗೆಯೇ ಆಗುತ್ತಿರಲಿಲ್ಲ ಎಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ವಾಕರಿಕೆಗೆ ‘ವ್ಲೆಟ್ಟ’ ಎಂಬ ಪದವಿತ್ತು. ಅದರ ಪೀಳಿಗೆಯ ‘ವ್ಲಾಟ್‌ಸಮ್’ ಎಂಬ ವಿಶೇಷಣವನ್ನು 14ನೇ ಶತಮಾನದ ಕವಿ ಚಾಸರ್ ಕೊಲೆಯನ್ನು ಬಣ್ಣಿಸಲು ಬಳಸಿದ್ದಾನೆ. ಇದು ಗಮನಿಸಬೇಕಾದ ಸಂಗತಿ. ಹೊಟ್ಟೆ ತೊಳಸುವುದನ್ನು ಹೇಳುತ್ತಿದ್ದ ಪದವೊಂದು, ಡಿಸ್‌ಗಸ್ಟ್ ಹುಟ್ಟುವ ಮೊದಲೇ, ಪಾಪಕೃತ್ಯದವರೆಗೆ ನಡೆದು ಹೋಗಿತ್ತು. ಆಮೇಲೆ ಆ ಪದ ಸತ್ತಿತು. ದಾರಿ ಮಾತ್ರ ಉಳಿಯಿತು, ಹೊಸ ಪದವೊಂದು ಅದೇ ದಾರಿಯಲ್ಲಿ ಮತ್ತೆ ನಡೆಯಿತು.

17, 18ನೇ ಶತಮಾನಗಳಲ್ಲಿ ಡಿಸ್‌ಗಸ್ಟ್ ಊಟದ ಮೇಜು ಬಿಟ್ಟು ದರ್ಬಾರಿಗೆ ಬಂತು. ಇಬ್ಬರು ರಾಜರ ನಡುವೆ ಮನಸ್ತಾಪವಾದರೆ ಅದು ಡಿಸ್‌ಗಸ್ಟ್. ಬಡ್ತಿ ಸಿಗದೆ ಮುನಿಸಿಕೊಂಡು ಸೇನಾಧಿಕಾರಿ ರಾಜೀನಾಮೆ ಕೊಟ್ಟರೆ ಅದೂ ಡಿಸ್‌ಗಸ್ಟ್. ಬೇಸರ, ಅಸಮಾಧಾನ, ಮುನಿಸು, ಮೂಗು ಮುರಿಯುವಿಕೆ ಎಲ್ಲವೂ ಅದರೊಳಗೆ ಹಿಡಿಸುತ್ತಿದ್ದವು. ಜೇನ್ ಆಸ್ಟಿನ್ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ನೃತ್ಯಕೂಟಕ್ಕೆ ಬಂದ ಡಾರ್ಸಿಯ ಬಿಗುಮಾನ ಕಂಡು ಊರವರಿಗೆ ಆದದ್ದನ್ನು ಡಿಸ್‌ಗಸ್ಟ್ ಎಂದೇ ಕರೆಯುತ್ತಾಳೆ. ಇಂದಿನ ಓದುಗ ಅಲ್ಲಿ ಒಂದು ಕ್ಷಣ ತಡವರಿಸುತ್ತಾನೆ. ಡಾರ್ಸಿ ಸಿರಿವಂತ, ಸ್ಫುರದ್ರೂಪಿ, ಅವನ ಬಟ್ಟೆ ಶುಭ್ರವಾಗಿದೆ. ಯಾರಿಗೂ ಅಲ್ಲಿ ಹೊಟ್ಟೆ ತೊಳಸಿಲ್ಲ. ಅವನ ರೀತಿ ಹಿಡಿಸಲಿಲ್ಲ, ಅಷ್ಟೆ.

ಇಷ್ಟು ಮೃದುವಾಗಿದ್ದ ಪದ ಮುಂದೆ ಯಾಕೆ ಇಷ್ಟು ಕಟುವಾಯಿತು? ನನಗೆ ಎರಡು ಕಾರಣ ಕಾಣುತ್ತವೆ. ಮೊದಲನೆಯದು, ‘ರುಚಿ’ಯ ಅರ್ಥವೇ ಬೆಳೆದದ್ದು. 18ನೇ ಶತಮಾನದ ಯುರೋಪಿನಲ್ಲಿ ರುಚಿ ಎಂದರೆ ಒಳ್ಳೆಯದನ್ನು ಆರಿಸಬಲ್ಲ ಅಭಿರುಚಿ ಎಂದಾಯಿತು. ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಮಾನದಂಡವನ್ನು ಕುರಿತೇ ಪ್ರಬಂಧ ಬರೆದ. ಅಭಿರುಚಿ ಮನುಷ್ಯನ ದೊಡ್ಡ ಗುಣವಾದಾಗ ಅದರ ವಿರೋಧಪದಕ್ಕೂ ತೂಕ ಬಂತು. ಎರಡನೆಯದು, 19ನೇ ಶತಮಾನದ ನಗರಗಳ ಕೊಳಕು. 1842ರಲ್ಲಿ ಎಡ್ವಿನ್ ಚಾಡ್ವಿಕ್ ಬಡವರ ಕೇರಿಗಳ ನೈರ್ಮಲ್ಯದ ವರದಿ ಕೊಟ್ಟರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಲಂಡನ್ನಿನ ಸಂಸತ್ತಿನೊಳಗೂ ನುಗ್ಗಿತು. ಕೆಟ್ಟ ವಾಸನೆಯೇ ರೋಗ ತರುತ್ತದೆ ಎಂದು ನಂಬಿದ್ದ ಕಾಲದಲ್ಲಿ ಮೂಗಿಗೆ ಬಡಿಯುವ ಕೊಳಕಿಗೆ ಒಂದು ಗಟ್ಟಿ ಪದ ಬೇಕಾಗಿತ್ತು. ಡಿಸ್‌ಟೇಸ್ಟ್ ಹಿಂದಿನಂತೆ ಸೌಮ್ಯವಾಗಿಯೇ ಉಳಿಯಿತು. ಜೊತೆಗೆ ಹುಟ್ಟಿದ ಡಿಸ್‌ಗಸ್ಟ್ ಕೊಳೆ, ಕೀವು, ಹುಳುಗಳ ಕಡೆಗೆ ವಾಲಿತು.

ಡಾರ್ವಿನ್ ಅದನ್ನು ಕೈಗೆತ್ತಿಕೊಂಡದ್ದು ಈ ಹಂತದಲ್ಲಿ. ಅವರು ಪದದ ಬೇರನ್ನು ಬಲ್ಲವರು. ಅದರ ಸರಳ ಅರ್ಥ ರುಚಿಗೆ ಒಗ್ಗದ್ದು ಎಂದು ಮೊದಲೇ ಹೇಳಿ, ಭಾವವನ್ನು ಮತ್ತೆ ಬಾಯಿಗೆ ತಂದು ಕಟ್ಟಿದರು. ತಮ್ಮ ಐದು ತಿಂಗಳ ಕೂಸಿನ ಬಾಯಿಗೆ ಮೊದಲ ಸಲ ತಣ್ಣೀರು ಬಿದ್ದಾಗ, ತಿಂಗಳ ನಂತರ ಹಣ್ಣಾದ ಚೆರ್ರಿಯ ಚೂರು ಇಟ್ಟಾಗ, ಅದರ ಮುಖದಲ್ಲಿ ಕಂಡಷ್ಟು ನಿಚ್ಚಳವಾದ ಅಸಹ್ಯವನ್ನು ಬೇರೆಲ್ಲೂ ಕಂಡಿಲ್ಲ ಎಂದು ಬರೆದರು. ದೂರದೇಶಗಳಲ್ಲಿದ್ದ ಪರಿಚಿತರಿಗೆ ಪ್ರಶ್ನಾವಳಿ ಕಳಿಸಿ, ಅಲ್ಲಿನ ಜನ ಇಂಥ ಹೊತ್ತಿನಲ್ಲಿ ಮುಖ ಹೇಗೆ ಮಾಡುತ್ತಾರೆ ಎಂದು ವಿಚಾರಿಸಿದರು. ಕಲ್ಕತ್ತದ ಸಸ್ಯೋದ್ಯಾನದಲ್ಲಿದ್ದ ಜಾನ್ ಸ್ಕಾಟ್, ಡಾರ್ವಿನ್ನರಿಗೆ ಮಾಹಿತಿ ಕಳಿಸಿದವರಲ್ಲಿ ಒಬ್ಬರು. ಮೇಲ್ದುಟಿ ಏರುವುದು, ಮೂಗು ಸುಕ್ಕಾಗುವುದು, ಬಾಯಿ ತೆರೆದು ಉಗುಳುವಂತೆ ಮಾಡುವುದು ಇವೆಲ್ಲ ಬೇಡದ ತುತ್ತನ್ನು ಹೊರಹಾಕುವ ಕ್ರಿಯೆಯ ಉಳಿಕೆಗಳು ಎಂಬುದು ಡಾರ್ವಿನ್ನರ ವಾದ. ಆದರೆ ಅವರ ಉದಾಹರಣೆಗಳೇ ಆ ವಾದದ ಗಡಿ ದಾಟುತ್ತವೆ. ಗಡ್ಡಕ್ಕೆ ಮೆತ್ತಿದ ಸೂಪು ನೋಡಲಾಗದು, ಆದರೆ ಆ ಸೂಪಿನಲ್ಲಿ ಅಸಹ್ಯವೆನ್ನುವಂಥದ್ದು ಏನೂ ಇಲ್ಲ ಎಂದು ಅವರೇ ಬರೆಯುತ್ತಾರೆ. ಬಟ್ಟಲಲ್ಲಿದ್ದಾಗ ರುಚಿಯಾಗಿದ್ದದ್ದು ಗಡ್ಡದಲ್ಲಿ ಬೇಡವಾಗುತ್ತದೆ. ನಾಲಿಗೆ ಅದಕ್ಕೆ ಉತ್ತರ ಕೊಡಲಾರದು.

ಉತ್ತರದ ಹುಡುಕಾಟ ಗಂಭೀರವಾಗಿ ಶುರುವಾದದ್ದು ಬಹಳ ತಡವಾಗಿ. 1941ರಲ್ಲಿ ಆಂಡ್ರಾಸ್ ಆಂಜಲ್ ಎಂಬ ಮನೋವೈದ್ಯರು, ಇದು ಕೆಟ್ಟ ರುಚಿಯ ವಿಷಯವಲ್ಲ, ಕೀಳೆಂದು ಎಣಿಸಿದ್ದು ನಮ್ಮ ದೇಹದೊಳಗೆ, ಅದರಲ್ಲೂ ಬಾಯೊಳಗೆ, ಸೇರೀತೆಂಬ ಅಳುಕು ಎಂದು ವಾದಿಸಿದರು. ನಾಲ್ಕು ದಶಕಗಳ ನಂತರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಇದನ್ನು ಪ್ರಯೋಗಕ್ಕಿಳಿಸಿದರು. ರೋಗಾಣು ಒಂದೂ ಇರದಂತೆ ಶುದ್ಧೀಕರಿಸಿದ ಸತ್ತ ಜಿರಲೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ಅಪಾಯವಿಲ್ಲವೆಂದು ಗೊತ್ತಿದ್ದೂ ಆ ಲೋಟ ಜನರಿಗೆ ಬೇಡವಾಯಿತು. ನಾಯಿಯ ಹೇಲಿನ ಆಕಾರದಲ್ಲಿ ಮಾಡಿದ ಚಾಕೊಲೇಟ್ ಮಿಠಾಯಿಯನ್ನು ದೊಡ್ಡವರು ದೂರ ತಳ್ಳಿದರು. ಕಡಲೆಕಾಯಿ ಬೆಣ್ಣೆ ಮತ್ತು ನಾರುವ ಚೀಸ್ ಕಲಸಿ ಮಾಡಿದ ಅಂಥದೇ ನಕಲಿಯನ್ನು ಎರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಯಿಗೆ ಹಾಕಿಕೊಂಡರು. ಕಹಿಗೆ ಮುಖ ಹಿಂಡುವುದು ಹುಟ್ಟಿನಿಂದ ಬರುತ್ತದೆ, ಯಾವುದು ಹೊಲಸು ಎಂಬುದನ್ನು ಮಗು ಮನೆಯವರಿಂದ ಕಲಿಯುತ್ತದೆ. ಹೊಲಸಿಗೂ ಆಹಾರಕ್ಕೂ ಒಂದು ಕ್ಷಣದ ಸೋಂಕು ಸಾಕು, ಸಂಬಂಧ ಶಾಶ್ವತವಾಗುತ್ತದೆ. ಟಿಯೆರಾ ಡೆಲ್ ಫ್ಯೂಗೋದಲ್ಲಿ ಡಾರ್ವಿನ್ನರಿಗೆ ಆದದ್ದೂ ಇದೇ. ಮಡಿ-ಮೈಲಿಗೆ, ಎಂಜಲು ಬಲ್ಲ ನಮಗೆ ಈ ಯೋಚನೆಯ ಕ್ರಮ ಹೊಸದಲ್ಲ. ಅದು ಮನುಷ್ಯರನ್ನೇ ಹೊರಗಿಡಲು ಬಳಕೆಯಾದ ಕ್ರೌರ್ಯವೂ ಹೊಸದಲ್ಲ.

ಲಂಡನ್ನಿನ ಸಾರ್ವಜನಿಕ ಆರೋಗ್ಯ ಸಂಶೋಧಕಿ ವ್ಯಾಲೆರಿ ಕರ್ಟಿಸ್ ಇನ್ನೊಂದು ದಿಕ್ಕಿನಿಂದ ಬಂದರು. ಬುರ್ಕಿನಾ ಫಾಸೊ, ಭಾರತ, ಬ್ರಿಟನ್, ನೆದರ್ಲೆಂಡ್ಸ್‌ಗಳಲ್ಲಿ ಜನ ಹೇಸುವ ವಸ್ತುಗಳ ಪಟ್ಟಿಗಳನ್ನು ಒಟ್ಟುಮಾಡಿ ನೋಡಿದಾಗ ಮಲ, ಕೀವು, ಕೊಳೆತ ಆಹಾರ, ಹುಳುಗಳು ಎಲ್ಲ ಕಡೆ ಕಂಡವು. ಸೋಂಕುರೋಗ ಹರಡುವ ಹಾದಿಗಳ ಪಟ್ಟಿಯೂ ಹೆಚ್ಚುಕಡಿಮೆ ಅದೇ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ತಂಡ ಸುಮಾರು 40,000 ಜನರಿಗೆ ಜೋಡಿಚಿತ್ರಗಳನ್ನು ತೋರಿಸಿತು. ಒಂದು ತಟ್ಟೆಯಲ್ಲಿ ನೀಲಿ ದ್ರವ. ಇನ್ನೊಂದು ಚಿತ್ರದಲ್ಲಿ ಅದೇ ದ್ರವಕ್ಕೆ ಕೀವು-ರಕ್ತದ ಬಣ್ಣ. ರೋಗದ ಸುಳಿವಿದ್ದ ಚಿತ್ರವೇ ಹೆಚ್ಚು ಹೇಸಿಗೆ ಎಂದು ಜನ ಅಂಕ ಕೊಟ್ಟರು. ಕರ್ಟಿಸ್ ಅವರ ಪ್ರಕಾರ ಈ ಭಾವದ ಮೂಲ ಕೆಲಸ ರುಚಿ ನೋಡುವುದಲ್ಲ, ರೋಗದಿಂದ ಮೈ ಕಾಯುವುದು.

ಇಷ್ಟರವರೆಗೆ ಜಿರಲೆ, ಕೀವು, ಹುಳು. ಆದರೆ ಇಂಗ್ಲಿಷ್ ಮಾತಾಡುವವರು ಲಂಚಕೋರ ರಾಜಕಾರಣಿಗೂ, ಮುದುಕಿಗೆ ಮೋಸ ಮಾಡಿದವನಿಗೂ ಅದೇ ಪದ ಬಳಸುತ್ತಾರಲ್ಲ? ಟೊರಾಂಟೊ ವಿಶ್ವವಿದ್ಯಾಲಯದ ಹಾನಾ ಚಾಪ್‌ಮನ್ ಮತ್ತು ಸಂಗಡಿಗರು ಮೂಗಿನ ಪಕ್ಕದಿಂದ ಇಳಿದು ಮೇಲ್ದುಟಿಯನ್ನು ಎತ್ತುವ ಪುಟ್ಟ ಸ್ನಾಯುವಿನ ಮೇಲೆ ವಿದ್ಯುದಗ್ರಗಳನ್ನು ಅಂಟಿಸಿದರು. ಕಹಿ ದ್ರವ ಕುಡಿಸಿದಾಗ ಆ ಸ್ನಾಯು ಸೆಡೆಯಿತು. ಕೊಳಕಿನ ಚಿತ್ರ ತೋರಿಸಿದಾಗಲೂ ಸೆಡೆಯಿತು. ಬಳಿಕ ಒಂದು ಆಟ: ಹತ್ತು ಡಾಲರ್ ಹಂಚಿಕೊಳ್ಳಬೇಕು, ಎದುರಿನ ಆಟಗಾರ ತಾನು ಒಂಬತ್ತು ಇಟ್ಟುಕೊಂಡು ಇವರಿಗೆ ಒಂದು ಕೊಡುತ್ತಾನೆ. ಅನ್ಯಾಯದ ಆ ಹಂಚಿಕೆ ಕಂಡಾಗಲೂ ಅದೇ ಸ್ನಾಯು ಸೆಡೆಯಿತು. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಬಂದಾಗ, ಪದ ನಡೆದ ದಾರಿಯಲ್ಲೇ ದೇಹವೂ ನಡೆದಿದೆ, ನಾಲಿಗೆಯ ಭಾವವೇ ನೀತಿಯ ಭಾವವಾಗಿದೆ ಎಂದು ಅನೇಕರಿಗೆ ಅನ್ನಿಸಿತು. ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗವೂ ಇದಕ್ಕೆ ಸಾಕ್ಷಿ ನುಡಿದಂತಿತ್ತು. ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1950ರ ದಶಕದಲ್ಲಿ ಎಚ್ಚರದಲ್ಲಿದ್ದ ರೋಗಿಗಳ ಇನ್ಸುಲಾಕ್ಕೆ ವಿದ್ಯುತ್ ಸೋಕಿಸಿದಾಗ ಅವರಿಗೆ ಹೊಟ್ಟೆ ತೊಳಸಿತ್ತು, ಬಾಯಲ್ಲಿ ರುಚಿ ಮೂಡಿತ್ತು. 2003ರಲ್ಲಿ ಫ್ರಾನ್ಸಿನ ಪ್ರಯೋಗವೊಂದರಲ್ಲಿ ಕೆಟ್ಟ ವಾಸನೆ ತಾವೇ ಮೂಸಿದಾಗಲೂ, ಮೂಸಿದ ಇನ್ನೊಬ್ಬರ ಮುಖ ಕಂಡಾಗಲೂ ಇನ್ಸುಲಾದ ಅದೇ ಜಾಗ ಚುರುಕಾಯಿತು.

ಈ ಚಿತ್ರ ಸೊಗಸಾಗಿದೆ. ಆದರೆ ನಾನು ಇಲ್ಲಿ ಸ್ವಲ್ಪ ನಿಲ್ಲಬಯಸುತ್ತೇನೆ. ಮುಖದ ಸೆಡೆತ ಒಂದೇ ಆದ ಮಾತ್ರಕ್ಕೆ ಒಳಗಿನ ಅನುಭವ ಒಂದೇ ಆಗಬೇಕಿಲ್ಲ. ಇನ್ಸುಲಾ ನೋವಿಗೂ ಎದೆಬಡಿತದ ಅರಿವಿಗೂ ಸ್ಪಂದಿಸುತ್ತದೆ. ನೀತಿಯ ವಿಷಯದಲ್ಲಿ ‘ಡಿಸ್‌ಗಸ್ಟ್ ಆಯಿತು’ ಎಂದು ಪ್ರಶ್ನಾವಳಿಯಲ್ಲಿ ಗುರುತು ಹಾಕಿದವರು ನಿಜಕ್ಕೂ ಏನನ್ನು ಅನುಭವಿಸಿದರು? 2002ರಲ್ಲಿ ರಾಬಿನ್ ನಾಬಿ ಈ ಪ್ರಶ್ನೆಯನ್ನೇ ಕೇಳಿದರು. ವಿಜ್ಞಾನಿ ಹೇಳುವ ಡಿಸ್‌ಗಸ್ಟ್ ಮತ್ತು ಸಾಮಾನ್ಯ ಅಮೆರಿಕನ್ನರು ಹೇಳುವ ಡಿಸ್‌ಗಸ್ಟ್ ಬೇರೆಬೇರೆ ಎಂದು ಅವರು ಕಂಡುಕೊಂಡರು. ಜನರ ಬಾಯಲ್ಲಿ ಅದರೊಳಗೆ ಸಿಟ್ಟು ಧಾರಾಳವಾಗಿ ಬೆರೆತಿತ್ತು. ವಾಕರಿಕೆ ತರಿಸುವ ಶುದ್ಧ ಹೇಸಿಗೆಗೆ ಅವರಲ್ಲಿ ಹತ್ತಿರವಾಗಿದ್ದದ್ದು ‘ಗ್ರೋಸ್ಡ್ ಔಟ್’ ಎಂಬ ಆಡುಮಾತು. ಸಂಬಳದ ಚೀಟಿಯಲ್ಲಿ ನಾವು ಕಾಣುವ, ಅಂಗಡಿಯಲ್ಲಿ ಹನ್ನೆರಡು ಡಜನ್ನಿಗೆ ಹೇಳುವ ಅದೇ ‘ಗ್ರೋಸ್’. ದಪ್ಪ, ಒರಟು ಎಂಬರ್ಥದಲ್ಲಿ ಹುಟ್ಟಿ, 20ನೇ ಶತಮಾನದ ನಡುವಿನಲ್ಲಿ ಅಮೆರಿಕದ ಹುಡುಗ ಹುಡುಗಿಯರ ಬಾಯಲ್ಲಿ ಹೊಲಸಿನ ಪದವಾಯಿತು. ಡಿಸ್‌ಗಸ್ಟ್ ನೀತಿಯ ಕಡೆಗೆ ಸರಿದು ಖಾಲಿ ಬಿಟ್ಟ ಜಾಗಕ್ಕೆ ಅದು ಬಂದು ಕೂತಿತು. ಅಂದರೆ ಡಾರ್ಸಿಯ ಕಾಲದ ಮುನಿಸು ಪದದಿಂದ ಪೂರ್ತಿ ಹೊರಟುಹೋಗಿರಲೇ ಇಲ್ಲ. ಡಾರ್ವಿನ್ ಅದನ್ನು ಬಾಯಿಗೆ ಕಟ್ಟಿದರು, ಜನ ಬಿಚ್ಚಿಕೊಂಡು ಹೋದರು.

ಒಂದು ಭಾಷೆಯೊಳಗೇ ಹೀಗಾದರೆ ಭಾಷೆ ದಾಟಿದಾಗ? ಡೋಲಿಚನ್ ಕೊಲ್ಲರೆತ್ ಮತ್ತು ಜೇಮ್ಸ್ ರಸೆಲ್ ಈ ಇಂಗ್ಲಿಷ್ ಪದವನ್ನು ಹಿಂದಿ ಮತ್ತು ಮಲಯಾಳಂಗಳೊಡನೆ ಇಟ್ಟು ನೋಡಿ, ಎರಡರಲ್ಲೂ ಅದಕ್ಕೆ ತಕ್ಕನಾದ ಸಮಾನಪದ ಇಲ್ಲವೆಂದು 2017ರಲ್ಲಿ ವರದಿ ಮಾಡಿದರು. ಇದು ಕೇವಲ ಅನುವಾದಕರ ತೊಂದರೆಯಲ್ಲ. ಭಯ, ಕೋಪ, ದುಃಖಗಳ ಸಾಲಿನಲ್ಲಿ ಡಿಸ್‌ಗಸ್ಟನ್ನೂ ಮನುಷ್ಯಕುಲಕ್ಕೆಲ್ಲ ಸಮಾನವಾದ ಮೂಲಭಾವವೆಂದು ಮನೋವಿಜ್ಞಾನಿ ಪಾಲ್ ಎಕ್‌ಮನ್ ಪಟ್ಟಿ ಮಾಡಿದ್ದರು. ಆ ಪಟ್ಟಿಯ ಒಂದು ಮನೆಯ ಗೋಡೆಗಳನ್ನು ಇಂಗ್ಲಿಷಿನ ಚರಿತ್ರೆ ಕಟ್ಟಿದೆಯೇ ಎಂಬ ಅನುಮಾನ ಇಲ್ಲಿಂದ ಏಳುತ್ತದೆ.

ಕನ್ನಡಕ್ಕೂ ಇದನ್ನು ಹಚ್ಚಿ ನೋಡಬಹುದು. ಭಾವಗಳ ಬಗ್ಗೆ ಬರೆಯುವ ನಮ್ಮ ಪಠ್ಯಗಳಲ್ಲಿ ಡಿಸ್‌ಗಸ್ಟ್‌ಗೆ ‘ಜುಗುಪ್ಸೆ’ ಎಂದು ಹಾಕುವುದು ರೂಢಿ. ಭರತನ ನಾಟ್ಯಶಾಸ್ತ್ರದಲ್ಲಿ ಬೀಭತ್ಸ ರಸದ ಸ್ಥಾಯಿಭಾವ ಅದೇ. ಅಲ್ಲಿ ಬೀಭತ್ಸವನ್ನು ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಮಲ ಮತ್ತು ಹುಳುಗಳಿಂದ ಹುಟ್ಟುವುದು ಒಂದು, ರಕ್ತ ಮುಂತಾದವುಗಳಿಂದ ಹುಟ್ಟುವುದು ಇನ್ನೊಂದು. ಮೈ ಮುದುಡಿಕೊಳ್ಳುವುದು, ಬಾಯಿ ಸೊಟ್ಟಗಾಗುವುದು, ಉಗುಳುವುದು ಎಂದು ಅಭಿನಯವನ್ನೂ ಹೇಳಿದ್ದಾರೆ. ಡಾರ್ವಿನ್ ಪಟ್ಟಿ ಮಾಡಿದ ಮುಖಚಹರೆಗಳೊಡನೆ ಇವನ್ನು ಇಟ್ಟು ನೋಡಿದರೆ ಅಚ್ಚರಿಯಾಗುತ್ತದೆ. 1790ರಲ್ಲಿ ಇಮ್ಯಾನುಯೆಲ್ ಕಾಂಟ್, ಕಲೆ ಯಾವ ಕುರೂಪವನ್ನಾದರೂ ಸುಂದರವಾಗಿ ತೋರಿಸಬಲ್ಲದು, ಹೇಸಿಗೆ ತರಿಸುವುದನ್ನು ಮಾತ್ರ ತೋರಿಸಲಾರದು ಎಂದಿದ್ದ. ಭರತ ಅದಕ್ಕೆ ಎಂಟು ರಸಗಳ ಪಂಕ್ತಿಯಲ್ಲೇ ಎಲೆ ಹಾಕಿದ್ದಾನೆ. ಇನ್ನು ಪದದ ಮೂಲವೂ ಬೇರೆ. ಗುಪ್ತ, ಗೋಪನಗಳಲ್ಲಿರುವ ‘ಗುಪ್’ ಧಾತುವಿನಿಂದ ಜುಗುಪ್ಸೆ ಬಂದದ್ದು; ಕಾಯುವುದು, ಮರೆಮಾಡುವುದು ಅದರ ಅರ್ಥ. ಇಂಗ್ಲಿಷ್ ಪದ ನಾಲಿಗೆಯಿಂದ ಹೊರಟಿತು, ಸಂಸ್ಕೃತದ್ದು ಕಾವಲಿನಿಂದ. ಕರ್ಟಿಸ್ ಹೇಳಿದ್ದಕ್ಕೆ ಎರಡನೆಯದೇ ಹತ್ತಿರ.

ಆದರೆ ಇವತ್ತಿನ ಕನ್ನಡ ಪತ್ರಿಕೆ ತೆರೆದರೆ ಜುಗುಪ್ಸೆ ಕಾಣುವುದು ‘ಜೀವನದಲ್ಲಿ ಜುಗುಪ್ಸೆಗೊಂಡು’ ಎಂಬ ಸಾವಿನ ಸುದ್ದಿಯಲ್ಲಿ. ಅಲ್ಲಿ ಹುಳುವೂ ಇಲ್ಲ, ಕೀವೂ ಇಲ್ಲ. ಬದುಕು ಸಾಕಾಗಿ ಹೋದ ಸ್ಥಿತಿ ಅದು. ಆಸ್ಟಿನ್ ಕಾಲದ ಡಿಸ್‌ಗಸ್ಟ್‌ಗೆ ನಮ್ಮ ಜುಗುಪ್ಸೆ ಸೋದರನಾದೀತು, ರೋಜಿನ್‌ರ ಜಿರಲೆಗೆ ಆಗದು. ಜಿರಲೆ ಬಿದ್ದ ಲೋಟ ಕಂಡರೆ ನಾವು ‘ಥೂ, ಹೇಸಿಗೆ’ ಎನ್ನುತ್ತೇವೆ. ಸಭೆಯಲ್ಲಿ ಒಬ್ಬ ಹೊಲಸು ಮಾತಾಡಿದರೆ ‘ಅಸಹ್ಯ’ ಎನ್ನುತ್ತೇವೆ. ‘ಸುಳ್ಳು ಹೇಳಲು ಹೇಸುವುದಿಲ್ಲ’ ಎನ್ನುವಾಗ ಹೇಸುವಿಕೆ ನಾಚಿಕೆ, ಅಳುಕುಗಳ ಪಕ್ಕಕ್ಕೆ ಬಂದಿರುತ್ತದೆ. ಜೊನಾಥನ್ ಹೈಟ್, ಕ್ಲಾರ್ಕ್ ಮಕಾಲೆ ಮತ್ತು ರೋಜಿನ್ 1994ರಲ್ಲಿ ರೂಪಿಸಿದ 32 ಪ್ರಶ್ನೆಗಳ ಡಿಸ್‌ಗಸ್ಟ್ ಮಾಪಕವನ್ನು ಕನ್ನಡದಲ್ಲಿ ಬಳಸುವವರು ಮೊದಲ ಪ್ರಶ್ನೆಗೇ ಈ ಪದಗಳಲ್ಲಿ ಯಾವುದನ್ನು ಇಡಬೇಕೆಂದು ತೀರ್ಮಾನಿಸಬೇಕು. ಜುಗುಪ್ಸೆ ಇಟ್ಟರೆ ಬರುವ ಅಂಕಗಳು ಹೇಸಿಗೆಯದಾಗಿರುವುದಿಲ್ಲ. ನಿಘಂಟು ಒಪ್ಪಿದರೂ ಓದುವವರ ಹೊಟ್ಟೆ ಒಪ್ಪುವುದಿಲ್ಲ.

ಕರ್ಟಿಸ್ ಅವರ ತಂಡ ನಮ್ಮ ನೆರೆಯಲ್ಲೇ ಮಾಡಿದ ಕೆಲಸ ಇದಕ್ಕೆ ಇನ್ನೊಂದು ಹಾದಿ ತೋರಿಸುತ್ತದೆ. ಕೋಲಾರಕ್ಕೆ ಹೊಂದಿಕೊಂಡಿರುವ ಆಂಧ್ರದ ಚಿತ್ತೂರು ಜಿಲ್ಲೆಯ 14 ಹಳ್ಳಿಗಳಲ್ಲಿ ಸೋಪಿನಿಂದ ಕೈತೊಳೆಯುವ ಅಭ್ಯಾಸ ಬೆಳೆಸುವ ಪ್ರಯೋಗ ಅದು. ಅದರ ಹೆಸರು ‘ಸೂಪರ್ ಅಮ್ಮ’. ರೋಗಾಣುವಿನ ಪಾಠವನ್ನು ಬದಿಗಿಟ್ಟು ಸಂಶೋಧಕರು ಎರಡು ಭಾವಗಳನ್ನು ನೆಚ್ಚಿಕೊಂಡರು: ಮಗುವನ್ನು ಚೆನ್ನಾಗಿ ಬೆಳೆಸಬೇಕೆಂಬ ತಾಯಿಯ ಆಸೆ ಮತ್ತು ಹೇಸಿಗೆ. ಹಳ್ಳಿಯವರಿಗೆ ಒಂದು ಕಡೆ ಅಚ್ಚುಕಟ್ಟಾದ ಅಮ್ಮನ ಕತೆ ತೋರಿಸಿದರು, ಇನ್ನೊಂದು ಕಡೆ ಕೈತೊಳೆಯದೆ ಲಾಡು ಕಟ್ಟುವ ಕೊಳಕನೊಬ್ಬನ ಆಟ ಆಡಿದರು. ನೋಡುವವರಿಗೆ ಆ ಭಾವದ ಹೆಸರು ಹೇಳಬೇಕಾಗಿರಲಿಲ್ಲ, ಆ ಲಾಡು ಸಾಕಿತ್ತು. ಶುರುವಿನಲ್ಲಿ ಅಗತ್ಯದ ಹೊತ್ತಿನಲ್ಲಿ ಸೋಪು ಹಚ್ಚಿ ಕೈತೊಳೆಯುವುದು ಎಲ್ಲ ಹಳ್ಳಿಗಳಲ್ಲೂ ಶೇಕಡಾ ಒಂದೆರಡರಷ್ಟಿತ್ತು. ಆರು ತಿಂಗಳ ನಂತರ ಪ್ರಯೋಗ ನಡೆದ ಹಳ್ಳಿಗಳಲ್ಲಿ ಅದು ಶೇ. 37 ಆಯಿತು, ನಡೆಯದ ಹಳ್ಳಿಗಳಲ್ಲಿ ಶೇ. 6. ಬಳಿಕ ಆ ಹಳ್ಳಿಗಳಿಗೂ ಇದೇ ಕಾರ್ಯಕ್ರಮವನ್ನು ಚಿಕ್ಕದಾಗಿ ಒಯ್ದರು. ವರ್ಷ ತುಂಬುವಾಗ ಎರಡೂ ಕಡೆ ಅದು ಶೇ. 29ಕ್ಕೆ ಬಂದು ನಿಂತಿತ್ತು.